ಬಾಗಿಲ ಬಳಿಯ ಎಣಿಕೆ

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಸೀಮೆಸುಣ್ಣ ಎಂದೇ. ಒಂದೇ ಮೈಕಿನ ಕಾಲದಲ್ಲಿ, ಯಾರ ದನಿ ಎಷ್ಟು ದೊಡ್ಡದೋ ಅಷ್ಟು ದೂರಕ್ಕೆ ನೆಲದ ಮೇಲೆ ಗೀಟೆಳೆದು ಹಾಡುವವರನ್ನು ನಿಲ್ಲಿಸುವುದು ಅವನ ಕೆಲಸ. ಅವನ ಅಕ್ಕ ಕೋರಸ್ಸಿನವಳು. ಅವಳದು ಎಂಥ ಗಂಟಲೆಂದರೆ, ಗೀಟು ಹಿಂದೆ ಸರಿದು ಸರಿದು ಬಾಗಿಲಿಗೇ ತಾಗಿತ್ತು. "ಇನ್ನೊಂದು ಹೆಜ್ಜೆ ಹಿಂದೆ ಹಾಕ್ಸಿದ್ರೆ ಬಸ್ ಸ್ಟಾಪಲ್ಲೇ ನಿಂತು ಹಾಡ್ತೀನಿ ಕಣೋ" ಎನ್ನುತ್ತಿದ್ದಳು. ಮಗಳಿಗೆ ಹನ್ನೊಂದು ತಿಂಗಳಿರುವಾಗ ತೀರಿಕೊಂಡಳು.

ಊರೆಲ್ಲ ಗುನುಗಿದ ಒಂದು ಹಾಡಿನ ಮೂಲ ಟೇಪಿನಲ್ಲಿ, ಹಾಡು ಶುರುವಾಗುವ ಮುಂಚೆ, ಅವಳು ಬಾಗಿಲ ಬಳಿಯಿಂದ "ಒಂದು, ಎರಡು, ಮೂರು" ಎಂದು ಎಣಿಸಿ ಕಿಸಕ್ಕನೆ ನಕ್ಕಿದ್ದಳು. ಮಾರಾಟದ ರೆಕಾರ್ಡಿಗೆ ಇಳಿಸುವಾಗ ಅದನ್ನು ಬಿಟ್ಟುಬಿಟ್ಟಿದ್ದರು. ಅವಳೊಬ್ಬಳದೇ ದನಿ ಉಳಿದಿದ್ದುದು ಆ ಟೇಪಿನಲ್ಲಿ ಮಾತ್ರ.

ಮೂವತ್ತೆಂಟು ವರ್ಷದ ಮೇಲೆ ಮಾಲೀಕರು ಆ ಹಾಡಿಗೆ ಮೆರುಗು ಕೊಡಲು ಹೊರಟರು. ನಲವತ್ತು ಟ್ರ್ಯಾಕು, ಡ್ರಮ್ಮು, ಪಿಟೀಲಿನ ಒಂದು ಪಡೆ.

"ತಾಳ ಹೆಚ್ಚಾದ್ರೆ ಹಾಡು ತಾಳಲ್ಲ ಸಾರ್," ಎಂದ ಸೀಮೆಸುಣ್ಣ. "ಅದ್ರಲ್ಲಿ ಖಾಲಿ ಜಾಗ ಇತ್ತು, ಅದಕ್ಕೇ ಜನ ತಮ್ಮ ದನೀನೂ ಸೇರಿಸ್ಕೊಂಡು ಹಾಡಿದ್ರು."

"ಖಾಲಿ ಜಾಗ ಈಗಿನೋರ ಕಿವಿಗೆ ಬಡತನ ಕಣ್ರೀ. ನೀವು ಟೇಪನ್ನ ಕಂಪ್ಯೂಟರಿಗೆ ಇಳಿಸಿಕೊಡಿ ಸಾಕು."

ಆ ಎಣಿಕೆ ಕೇಳುವ ಆಸೆಗೆ ಸೀಮೆಸುಣ್ಣ ಒಪ್ಪಿದ. ಅಕ್ಕನ ಮಗಳನ್ನೂ ಕರೆಸಿಕೊಂಡ. ಟೇಪು ಹಳೆಯದಾಗಿ ಅಂಟಂಟಾಗಿತ್ತು; ಒಂದು ಸಲ ಓಡಿದರೆ ಮೇಲಿನ ಲೇಪವೆಲ್ಲ ಪುಡಿಯಾಗಿ ಉದುರುವುದೆಂದು ಅವನಿಗೆ ಗೊತ್ತಿತ್ತು. ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿ, ಟೇಪು ತುಂಡಾಗದಂತೆ ಸುರುಳಿಗೆ ಬೆರಳು ಕೊಟ್ಟು ಬಗ್ಗಿ ನಿಂತ.

"ಏನೂ ಕೇಳಿಸ್ತಿಲ್ಲ ಮಾವ."

"ತಾಳಮ್ಮ, ನಿಮ್ಮಮ್ಮ ದೂರ ನಿಂತಿದಾಳೆ."

ಅವಳು ಬೆಚ್ಚಿದಳು. "ಹಾಡೇ ಬಂದುಬಿಡ್ತು!"

ಸೀಮೆಸುಣ್ಣ ತಲೆಯೆತ್ತಿದ. ನಾಯ್ಸ್ ಗೇಟಿನ ಹಸಿರು ದೀಪ ಉರಿಯುತ್ತಿತ್ತು. ಸಣ್ಣ ಸದ್ದು ಬಂದರೆ ಕಿವಿಗೂ ಕಂಪ್ಯೂಟರಿಗೂ ಬಿಡದೆ ತಡೆಯುವ ಯಂತ್ರವದು. ಕಂಡವರ ಹಾಡುಗಳಿಂದ ಉಸಿರು, ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ ತೆಗೆಯಲೆಂದು ದಿನಾ ಬೆಳಿಗ್ಗೆ, ಹೆಗಲ ಚೀಲ ಇಳಿಸುವ ಮೊದಲೇ, ಅವನ ಕೈ ಅದನ್ನು ಹಾಕುತ್ತಿತ್ತು. ಇವತ್ತೂ ಹಾಕಿತ್ತು. ಟೇಪು ಓಡಿಸುವ ಯಂತ್ರದ ಕೆಳಗೆ ಕಂದು ಪುಡಿ ಸಾಲಾಗಿ ಬಿದ್ದಿತ್ತು.

ಮಾಲೀಕರು ಬಂದು ಕೇಳಿ ತಲೆದೂಗಿದರು. "ಏನ್ ಕ್ಲೀನಾಗಿದೆ ರೀ! ಚೂರೂ ಕಸ ಇಲ್ಲ."

ಅವರು ಹೋದ ಮೇಲೆ ಅಕ್ಕನ ಮಗಳು ಹೆಡ್‌ಫೋನು ತೆಗೆದಿಟ್ಟಳು. "ಅಮ್ಮ ಹೇಗೆ ಎಣಿಸ್ತಿದ್ರು? ನೀವೇ ತೋರ್ಸಿ ಮಾವ."

ಅವನು ಬಾಗಿಲ ಬಳಿ ಹೋಗಿ ನಿಂತ. "ಒಂದು, ಎರಡು, ಮೂರು" ಎಂದ. ನಗಲು ನೋಡಿದ.

"ಹೀಗಲ್ಲ," ಎಂದ. ಮತ್ತೆ ಎಣಿಸಿದ. "ಹೀಗೂ ಅಲ್ಲ."

"ಇರ್ಲಿ ಬಿಡಿ ಮಾವ," ಎಂದು ಅವಳು ಚೀಲ ಎತ್ತಿಕೊಂಡಳು. ಅವನು ಬಾಗಿಲಲ್ಲೇ ನಿಂತಿದ್ದ. ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಯಿತು.