ಕಪ್ತಾನವ್ವನ ಆಣೆ

ಟೀವಿಯಲ್ಲಿ ಬರುವ ಆ ಆಕಾಶನೌಕೆಯ ಧಾರಾವಾಹಿಯಲ್ಲಿ ಯಾವ ಗ್ರಹಕ್ಕೆ ಹೋದರೂ ಜನ ಹಿಂದಿಯನ್ನೇ ಆಡುತ್ತಾರೆ. ಮೂರು ಕಣ್ಣಿನವರೂ ಅಷ್ಟೇ, ಕಣ್ಣೇ ಇಲ್ಲದವರೂ ಅಷ್ಟೇ. "ಅಲ್ಲಿ ಕನ್ನಡದವರು ಒಬ್ಬರೂ ಇಲ್ಲೇನ?" ಎಂದು ಅವ್ವ ಮೊದಲ ದಿನವೇ ಕೇಳಿದ್ದಳು. ಇದು ಇಂಗ್ಲಿಷಿನಿಂದ ಡಬ್ ಮಾಡಿದ್ದು ಎಂದರೆ ಅವಳಿಗೆ ಸಮಾಧಾನವಾಗಲಿಲ್ಲ. ಉಸಿರಾಡಲು ಗಾಳಿಯಿಲ್ಲದ ಗ್ರಹದಲ್ಲಿ ದೀಪ ಹೇಗೆ ಉರಿಯಿತು, ಎಲ್ಲರೂ ಓಡಿ ತಪ್ಪಿಸಿಕೊಳ್ಳುವಾಗ ನೌಕೆಯ ಡಾಕ್ಟರು ತಲೆ ಬಾಚಿಕೊಳ್ಳುತ್ತ ಯಾಕೆ ಕೂತ, ಇಂಥವು ಅವಳ ತಕರಾರು. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಕಥೆಯ ತೂತು ಹುಡುಕುವುದರಲ್ಲಿ ನಮ್ಮ ಅವ್ವನನ್ನು ಮೀರಿಸುವವರಿಲ್ಲ.

ಅವ್ವ ಗದಗಿನ ಕಡೆಯ ಹಳ್ಳಿಯವಳು. ನನ್ನ ಗಂಡನಿಗೆ ಇಲ್ಲಿ ಕೆಲಸವಿರುವುದರಿಂದ, ಕಾಶಿವಾಸಕ್ಕೆಂದು ಬಂದವಳು ಸೋನಾರ್‌ಪುರದ ನಮ್ಮ ಬಾಡಿಗೆ ಮನೆಯಲ್ಲೇ ಉಳಿದಳು. ಬಂದ ಹೊಸತರಲ್ಲೇ ಗಂಗೆಯಲ್ಲಿ ಮುಳುಗೆದ್ದು, ಇನ್ನು ಸಾಯುವ ತನಕ ಈ ಊರಿನ ಗಡಿ ದಾಟುವುದಿಲ್ಲ ಎಂದು ಆಣೆ ಮಾಡಿದಳು. ಕಾಶಿಯಲ್ಲಿ ಸತ್ತರೆ ಮುಕ್ತಿ, ಹೊಳೆಯ ಆಚೆ ದಡದಲ್ಲಿ ಸತ್ತರೆ ಕತ್ತೆಯ ಜನ್ಮ ಎಂದು ಇಲ್ಲಿಯವರು ಹೇಳುವುದನ್ನು ಅವಳು ಗಟ್ಟಿಯಾಗಿ ನಂಬಿದ್ದಳು. ತರಕಾರಿ ಚೌಕಾಶಿಗೆ ಸಾಕಾಗುವಷ್ಟು ಮಾತ್ರ ಹಿಂದಿ ಬರುತ್ತಿತ್ತು. ಹಾಗಾಗಿ ಸಂಜೆ ಟೀವಿ ಮುಂದೆ ಕೂತು ಅವಳಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ಧಾರಾವಾಹಿಯ ಕಪ್ತಾನ ಒಬ್ಬ ಹೆಂಗಸು. ಅವ್ವ ಅವಳಿಗೆ ಕಪ್ತಾನವ್ವ ಎಂದು ಹೆಸರಿಟ್ಟಳು. ಅವಳ ಆಕಾಶನೌಕೆಯಲ್ಲಿ ಒಂದು ಬಾಗಿಲಿದೆ, ಆಚೆ ಕಾಲಿಟ್ಟರೆ ಸಾಕು, ಎಲ್ಲಿ ಬೇಕೋ ಅಲ್ಲಿರಬಹುದು. ಆದರೆ ಪಯಣ ಮುಗಿಯುವ ತನಕ ಆ ಹೊಸ್ತಿಲು ದಾಟುವುದಿಲ್ಲ ಎಂದು ಕಪ್ತಾನವ್ವ ಆಣೆ ಮಾಡಿದ್ದಾಳೆ. ಯಾಕೆ ಎಂದು ಬರೆದವರು ಹೇಳುವುದಿಲ್ಲ. ಒಂದು ಕಂತಿನಲ್ಲಿ ಬಾಗಿಲಿನ ಆಚೆ, ಭೂಮಿಯ ಮೇಲೆ, ಅವಳ ಮಗಳು ಹಾಸಿಗೆ ಹಿಡಿದಿದ್ದಳು. ಇವಳು ಈಚೆ ನಿಂತು ಅತ್ತಳು, ಮಗಳು ಸತ್ತಳು, ಸಂಗೀತ ಬಂತು.

"ಎಂಥಾ ಹಡದಾಕಿ ಇಕಿ?" ಅವ್ವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಬಾಗಲಾ ತೆರದೈತಿ. ಎರಡು ಹೆಜ್ಜಿ. ಆಣಿ ಅಂತ, ಆಣಿ. ಹಿಂಗ ಯಾರರ ಮಾಡ್ತಾರೇನು?"

ನಾನು ಎದ್ದು ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಅನ್ನಕ್ಕೆ ಇಟ್ಟೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರ ಗಾದೆ ಗೊತ್ತಿತ್ತು. ಆ ಎಲೆಗೆ ದಿನವೂ ಬಡಿಸುವುದು ಎಷ್ಟು ಕಷ್ಟ ಎಂದು ಗಾದೆ ಹೇಳಿರಲಿಲ್ಲ.

ನನ್ನ ತಂಗಿ ಹೋದ ವರ್ಷ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಫೋನಿನಲ್ಲಿ ಅವಳು ಕೇಳುತ್ತಿದ್ದದ್ದು ಒಂದೇ, ಅವ್ವ ಯಾವಾಗ ಬರ್ತಾಳ? ರೈಲಿನಲ್ಲಿ ಸೀಟು ಸಿಕ್ಕಿತ್ತು. ಅವ್ವ ಜಪಮಣಿ ತಿರುಗಿಸುತ್ತ, "ಗಡಿ ದಾಟಾಕ ಬರಂಗಿಲ್ಲ, ಆಣಿ ಐತಿ" ಎಂದಳು. ಬೇಡಿಕೊಂಡೆ, ಜಗಳವಾಡಿದೆ. ವಿಶ್ವನಾಥ ಗಲ್ಲಿಯ ಪುರೋಹಿತರೊಬ್ಬರನ್ನು ಮನೆಗೆ ಕರೆತಂದು, ಇಂಥ ಸಂಕಟದಲ್ಲಿ ದೋಷವಿಲ್ಲ, ಪ್ರಾಯಶ್ಚಿತ್ತವಿದೆ ಎಂದು ಹೇಳಿಸಿದೆ. ಕೇಳಲಿಲ್ಲ. ಒಬ್ಬಳೇ ಹೋದೆ. ನಾನು ವಾರ್ಡಿನೊಳಗೆ ಕಾಲಿಟ್ಟಾಗ ತಂಗಿ ನನ್ನನ್ನು ನೋಡಲಿಲ್ಲ. ನನ್ನ ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡಿದಳು. ಆಮೇಲೆ, "ಬ್ಯಾಡ ಬಿಡಕ್ಕ, ಅವ್ವನ ಪುಣ್ಯಾ ಕೆಡಸೂದು ಬ್ಯಾಡ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಅದಾಗಿ ಕೆಲವೇ ತಿಂಗಳಿಗೆ ಅವ್ವನ ಕಣ್ಣಿಗೆ ಪೊರೆ ಬಂತು. ಸೇತುವೆಯ ಆಚೆ, ಎದುರು ದಡದ ಊರಲ್ಲಿ ಧರ್ಮಕ್ಕೆ ಆಪರೇಷನ್ ಮಾಡುತ್ತಾರೆಂದು ಗಲ್ಲಿಯ ಮುದುಕಿಯರೆಲ್ಲ ಬ್ಯಾಟರಿಯ ಟೋಟೋ ರಿಕ್ಷಾ ಹತ್ತಿದರು. ಅವ್ವನೂ ಹತ್ತಿದಳು. "ಕಣ್ಣಿಲ್ಲಂದ್ರ ವಿಶ್ವನಾಥನ್ನ ಹೆಂಗ ನೋಡ್ಲಿ?" ಎಂದಳು. ಆಣೆಯ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಬಾಯಿ ತೆರೆದರೆ ಏನೇನು ಹೊರಬರುತ್ತದೋ ಎಂಬ ಭಯ. ಆ ಹೊಸ ಕಣ್ಣಿನಿಂದಲೇ ಅವಳು ಈಗ ಕಪ್ತಾನವ್ವನನ್ನು ನೋಡುತ್ತಿದ್ದಳು.

ಮುಂದೊಂದು ಕಂತಿನಲ್ಲಿ ನೌಕೆಯ ಯಂತ್ರ ಕೆಟ್ಟಿತು. ಕಪ್ತಾನವ್ವ ನೆಟ್ಟಗೆ ಬಾಗಿಲು ದಾಟಿ, ಆಚೆಯ ಅಂಗಡಿಯಿಂದ ಒಂದು ಸ್ಕ್ರೂ ತಂದಳು. ಆಣೆಯ ಸುದ್ದಿಯೇ ಇಲ್ಲ. ಬರೆದವರು ಮರೆತೇಬಿಟ್ಟಿದ್ದರು.

"ನೋಡು, ನೋಡು," ಅವ್ವ ನನ್ನ ತೊಡೆ ತಟ್ಟಿದಳು. "ಮಗಳು ಸಾಯಾಕತ್ತಾಗ ಆಣಿ ಅಡ್ಡ ಬಂತು. ಸ್ಕ್ರೂ ತರಾಕ ಅಡ್ಡ ಬರಲಿಲ್ಲೇನ? ಈ ಕಥಿ ಬರದವ್ರಿಗೆ ತಲಿ ಐತೋ ಇಲ್ಲೋ?"

"ಕಣ್ಣಿನ ಆಪರೇಷನ್ನಿಗೂ ಬರಲಿಲ್ಲವ್ವ," ಎಂದೆ.

ಬಾಯಿ ತಪ್ಪಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನೋಯಲಿ ಎಂದೇ ಹೇಳಿದೆ.

ಅವ್ವ ನನ್ನ ಕಡೆ ತಿರುಗಲಿಲ್ಲ. ಪರದೆಯ ಮೇಲೆ ಕಪ್ತಾನವ್ವ ಸ್ಕ್ರೂ ತಿರುಗಿಸುತ್ತಿದ್ದಳು. ಕೆಳಗೆ ರಸ್ತೆಯಲ್ಲಿ ಆಟೋದವರು ಬೈದಾಡಿಕೊಳ್ಳುತ್ತಿದ್ದರು. ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು, "ಅಕಿಗೆ ಅಂಜಿಕಿ ಇತ್ತು. ಹಡದ ಕೂಸು ಕಣ್ಣ ಮುಂದ ಹೋಗೂದನ್ನ ಹೆಂಗ ನೋಡೂದು ಅಂತ ಅಂಜಿಕಿ. ಆಣಿ ಅನ್ನೂದು ನೆವ."

ಕಪ್ತಾನವ್ವನ ಬಗ್ಗೆ ಹೇಳಿದಳು ಎಂದುಕೊಂಡು ನಾನು ಸುಮ್ಮನಿರಬಹುದಿತ್ತು. ಆಗಲಿಲ್ಲ. ಮರುಕವೂ ಬರಲಿಲ್ಲ, ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ಸಣ್ಣ ಮಾತನ್ನು ಅಂದು ಯಾಕೆ ಹೇಳಲಿಲ್ಲ? ಆಣೆ ಎಂದಳು, ನಾನು ಪುರೋಹಿತರನ್ನು ಕರೆತಂದೆ. ಅಂಜಿಕೆ ಎಂದಿದ್ದರೆ ಕೈ ಹಿಡಿದು ರೈಲು ಹತ್ತಿಸುತ್ತಿದ್ದೆ. ಆಗ ತಂಗಿ ನೋಡಿದ ಆ ಜಾಗದಲ್ಲಿ, ನನ್ನ ಬೆನ್ನ ಹಿಂದೆ, ನಡುಗುತ್ತಲಾದರೂ ಅವ್ವ ಇರುತ್ತಿದ್ದಳು.