ರಕ್ತ ಕಂಡ ಕ್ಲಾಂಪಿನ ಹಿಂದೆ

ಕೂಡ್ಲಿಗಿ ಬಸ್ ನಿಲ್ದಾಣ ಬಿಡುವಾಗ ಬೆಳಗಿನ ಚಳಿ ಇನ್ನೂ ಇಳಿದಿರಲಿಲ್ಲ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಆಮೇಲೆ ನನ್ನ ಕಾಲ ಬಳಿಯಿದ್ದ ಚೀಲವನ್ನು ಸರಿಸಲು ಹೋಗಿ, ಸರಿಸಲಾಗದೆ ಮುಖ ನೋಡಿದ.

“ಏನೈತ್ರಿ ಅಕ್ಕಾರ ಇದರಾಗ, ಇಷ್ಟು ವಜ್ಜಿ?”

“ಕಬ್ಬಿಣ ಐತಿ. ನೀ ಮುಂದ ಹೋಗಪ್ಪ,” ಎಂದೆ. ಅವನ ತಪ್ಪೇನೂ ಇರಲಿಲ್ಲ. ಆ ದಿನಗಳಲ್ಲಿ ಯಾರು ಮಾತಾಡಿಸಿದರೂ ನನಗೆ ಸಿಟ್ಟೇ ಬರುತ್ತಿತ್ತು.

ನಮ್ಮದು ಕೂಡ್ಲಿಗಿಯಲ್ಲಿ ಕಬ್ಬಿಣದ ಅಂಗಡಿ. ಅಪ್ಪ ಹಾಕಿದ್ದು, ಅವರ ನಂತರ ನಾನೇ ಗಲ್ಲೆಯ ಮೇಲೆ ಕೂತಿದ್ದೇನೆ. ಹಗ್ಗ, ಸರಪಳಿ, ಚೈನ್ ಪುಲ್ಲಿ, ಕರೆಂಟ್ ಲೈನ್ ಎಳೆಯುವವರ ಸಾಮಾನು ಎಲ್ಲ ಇಡುತ್ತೇನೆ. ತಮ್ಮ ಕೋಟ್ರೇಶನಿಗೆ ಅಂಗಡಿ ಹಿಡಿಸಲಿಲ್ಲ. ಅವನಿಗೆ ಕಂಬ ಹತ್ತುವ ಹುಚ್ಚು. ಗುತ್ತಿಗೆ ಗ್ಯಾಂಗ್ ಸೇರಿ ಊರೂರು ತಿರುಗುತ್ತಿದ್ದ. ದಸರೆ ಮುಗಿದ ವಾರ ಕೊಟ್ಟೂರಿನ ಹತ್ತಿರ ಪಂಪ್‌ಸೆಟ್ ಲೈನಿನ ತಂತಿ ಬಿಗಿಯುವಾಗ ಕ್ಲಾಂಪ್ ಜಾರಿ, ಹಿಂದಕ್ಕೆ ಚಿಮ್ಮಿ ಅವನ ಎದೆಗೆ ಬಡಿಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕ್ಲಾಂಪ್ ಅಂದರೆ ತಂತಿಯನ್ನು ಕಚ್ಚಿ ಹಿಡಿಯುವ ಉಪಕರಣ. ಎರಡು ದವಡೆ, ದವಡೆಯೊಳಗೆ ಸಣ್ಣ ಸಣ್ಣ ಹಲ್ಲು, ಹಿಂದೆ ಒಂದು ಬಳೆ. ಬಳೆಗೆ ಚೈನ್ ಪುಲ್ಲಿಯ ಕೊಕ್ಕೆ ಸಿಕ್ಕಿಸಿ ಎಳೆದಷ್ಟೂ ದವಡೆ ಬಿಗಿಯಾಗುತ್ತದೆ. ಆದರೆ ಅದಕ್ಕೂ ಅಳತೆ ಇದೆ. ತಂತಿಗಳಿಗೆ ಪ್ರಾಣಿಗಳ ಹೆಸರಿಟ್ಟಿದ್ದಾರೆ. ರ‍್ಯಾಬಿಟ್ ಎಂಬುದು ಸಣ್ಣದು, ಕಯೋಟಿ ಎಂಬುದು ದಪ್ಪ. ಕಯೋಟಿಯ ಕ್ಲಾಂಪನ್ನು ರ‍್ಯಾಬಿಟ್ಟಿಗೆ ಹಾಕಿದರೆ ಕಚ್ಚಿದ ಹಾಗೆ ಕಾಣುತ್ತದೆ, ಕಚ್ಚಿರುವುದಿಲ್ಲ. ಕೋಟ್ರೇಶನ ಎದೆಗೆ ಬಡಿದದ್ದು ಅಂಥದೇ, ಹಲ್ಲು ಸವೆದ ಕಯೋಟಿ ಕ್ಲಾಂಪ್.

ಅವನನ್ನು ಮಣ್ಣು ಮಾಡಿದ ದಿನ ಗ್ಯಾಂಗಿನವರನ್ನು ಆ ಕ್ಲಾಂಪ್ ಎಲ್ಲಿದೆ ಎಂದು ಕೇಳಿದ್ದೆ. ಒಬ್ಬರೂ ಬಾಯಿ ಬಿಡಲಿಲ್ಲ. ಅದು ಇನ್ನೂ ಎಲ್ಲೋ ತಂತಿ ಎಳೆಯುತ್ತಿದೆ ಎಂದು ದೀಪಾವಳಿ ಕಳೆದ ಮೇಲೆ ಗಿರಾಕಿಯೊಬ್ಬನ ಬಾಯಲ್ಲಿ ಕೇಳಿದೆ. ಫೋನ್ ಮಾಡಿದರೆ ಎಲ್ಲರೂ ‘ನಮ್ಮ ಹತ್ರ ಇಲ್ಲ’ ಎಂದರು. ಹೋಗಿ ಕಣ್ಣಾರೆ ನೋಡುವುದೇ ಸರಿ ಎಂದು ಹೊರಟೆ. ಚೀಲದಲ್ಲಿ ರ‍್ಯಾಬಿಟ್ ತಂತಿಯ ಹೊಸ ಕ್ಲಾಂಪ್, ಒಂದು ಸಣ್ಣ ಚೈನ್ ಪುಲ್ಲಿ, ಒಂದು ತಂತಿ ಬ್ರಷ್ ಇದ್ದವು. ಕೋಟ್ರೇಶನ ಹೆಂಡತಿ ನಾಗವೇಣಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: “ಅಕ್ಕಾ, ಅದು ಇನ್ನೊಬ್ರ ಮನಿ ಹಾಳು ಮಾಡೂದ್ರಾಗ ಹಿಡಕಂಬರ್ರಿ.”

ಕೊಟ್ಟೂರಿನಲ್ಲಿ ಇಳಿದಾಗ ಬಿಸಿಲೇರಿತ್ತು. ಗ್ಯಾಂಗಿನ ಮೇಸ್ತ್ರಿ ಹನುಮಂತಪ್ಪ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿ ನನ್ನ ಮುಂದೆ ತಳ್ಳಿದ. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

“ಕ್ಲಾಂಪ್ ಎಲ್ಲೈತಿ?”

“ಕೊಟ್ಟುಬಿಟ್ಟೀವ್ರಿ ಅಕ್ಕಾರ. ಹಗರಿಬೊಮ್ಮನಹಳ್ಳಿ ಗ್ಯಾಂಗಿಗೆ.”

“ಕೊಲ್ಲೂ ಸಾಮಾನು ಅಂತ ಗೊತ್ತಿದ್ದೂ?”

ಅವನು ತಲೆ ತಗ್ಗಿಸಿದ. ಲೈನ್ ಎಳೆಯುವವರಲ್ಲಿ ಒಂದು ರೂಢಿ ಇದೆಯಂತೆ. ರಕ್ತ ಕಂಡ ಕಬ್ಬಿಣವನ್ನು ತಮ್ಮ ಗ್ಯಾಂಗಿನಲ್ಲಿ ಇಟ್ಟುಕೊಳ್ಳಬಾರದು. ಹಾಗಂತ ಮುರಿಯಲೂಬಾರದು, ಗುಜರಿಗೆ ಹಾಕಲೂಬಾರದು. ಅನ್ನ ಕೊಟ್ಟದ್ದು ಅದೇ ತಾನೆ? ತೊಳೆದು, ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಶಾಂತಿ ಮಾಡಿ, ದುಡಿಯುವ ಇನ್ನೊಂದು ಕೈಗೆ ಪುಕ್ಕಟೆ ಕೊಡಬೇಕು. ಕೆಲಸವಿಲ್ಲದೆ ಬಿದ್ದಿದ್ದರೆ ಅದು ಮತ್ತೆ ರಕ್ತ ಕೇಳುತ್ತದೆ ಎಂಬ ಹೆದರಿಕೆ.

“ಎಣ್ಣಿ ಎಲ್ಲಿ ಹಚ್ಚಿದ್ರಿ?” ಎಂದೆ.

“ಎಲ್ಲಾ ಕಡೆ. ದವಡಿ ಒಳಗೂ.”

ನನಗೆ ಮೈ ಉರಿದುಹೋಯಿತು. ಹಿಡಿದುಕೊಳ್ಳಬೇಕಾದ ಹಲ್ಲಿಗೆ ಎಣ್ಣೆ! ಆ ಹಲ್ಲು ಯಾವಾಗಲೂ ಒಣಗಿರಬೇಕು, ಬ್ರಷ್ಷಿನಿಂದ ತಿಕ್ಕಿ ಚೊಕ್ಕಾಗಿರಬೇಕು. ಅಂಗಡಿಗೆ ಬಂದ ಪ್ರತಿಯೊಬ್ಬನಿಗೂ ಹೇಳಿ ಕಳಿಸುವ ಮಾತು ಅದು. ಬಾಯಿಗೆ ಬಂದಂತೆ ಬೈದೆ. ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹನುಮಂತಪ್ಪ ಮೆಲ್ಲಗೆ ಹೇಳಿದ: “ಅವತ್ತು ಜಾರಿದ್ದೂ ಎಣ್ಣಿಗೇ ಇರಬೇಕ್ರಿ. ಆಯುಧ ಪೂಜಿ ದಿನ ಎಲ್ಲಾ ಸಾಮಾನು ಸಾಲಾಗಿಟ್ಟು, ಒಂದೊಂದೂ ಒರಸಿ ಎಣ್ಣಿ ಹಚ್ಚಿದಾವ ನಮ್ಮ ಕೋಟ್ರೇಶನಾ. ಬ್ಯಾರೇರಿಗೆ ಮುಟ್ಟಾಕ ಕೊಡಲಿಲ್ಲ. ಅಷ್ಟು ಭಕ್ತಿರಿ ಅವಂಗ. ಆ ಕ್ಲಾಂಪಿನ ಹಿಂದಿನ ಬಳೀಗೆ ಗುರ್ತಿಗಂತ ತಾಮ್ರದ ಎಳಿ ಸುತ್ತಿದಾವನೂ ಅವನಾ.”

ನಾನು ಆಮೇಲೆ ಅವನನ್ನು ಬೈಯಲಿಲ್ಲ. ಎದ್ದು ಬಂದು ಹಗರಿಬೊಮ್ಮನಹಳ್ಳಿಯ ಬಸ್ ಹತ್ತಿದೆ. ಅಯ್ಯೋ ತಮ್ಮಾ, ಅಂಗಡಿಯಲ್ಲಿ ನನ್ನ ಬೆನ್ನ ಹಿಂದೆಯೇ ಬೆಳೆದವನಲ್ಲೋ ನೀನು, ಹಲ್ಲು ಒಣಗಿರಬೇಕೆಂಬ ಮಾತು ನಿನ್ನ ಕಿವಿಗೆ ಬೀಳಲಿಲ್ಲವೇನೋ ಎಂದು ಒಳಗೊಳಗೇ ಅತ್ತೆ. ಕಿಟಕಿಯಾಚೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಎಲ್ಲಿ ನೋಡಿದರೂ ಕಂಬ, ತಂತಿ. ಈ ಸೀಮೆಯಲ್ಲಿ ಈಗ ಲೈನ್ ಎಳೆಯುವ ಕೆಲಸಕ್ಕೆ ಬರವಿಲ್ಲ.

ಅಲ್ಲಿಯ ಗ್ಯಾಂಗ್ ಕೋಗಳಿಯ ಕಡೆ ಕೆಲಸ ಮಾಡುತ್ತಿತ್ತು. ಹಗರಿಬೊಮ್ಮನಹಳ್ಳಿಯಿಂದ ಆಟೋ ಮಾಡಿಕೊಂಡು ಹೋದೆ. ಮೇಸ್ತ್ರಿ ಒಳ್ಳೆಯ ಮನುಷ್ಯನೇ. ಕುಡಿಯಲು ನೀರು ಕೊಟ್ಟು, ಕಂಬದ ನೆರಳಿನಲ್ಲಿ ಚೀಲ ಹಾಸಿ ಕೂರಿಸಿದ. ಕ್ಲಾಂಪ್ ಬಂದಾಗ ಅದರ ಹಿಂದಿನ ಕಥೆ ತನಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಯಾರೂ ಅದನ್ನು ಮುಟ್ಟಲಿಲ್ಲ ಎಂದ.

“ಹಂಗಾದ್ರ ಎಲ್ಲೈತಿ?”

“ಅಮಾಸಿಗೆ ಹರಳೆಣ್ಣಿ ಹಚ್ಚಿ, ನಿಂಬಿಹಣ್ಣು ನಿವಾಳಿಸಿ, ಹಡಗಲಿ ಮೇಸ್ತ್ರಿ ಈರಪ್ಪಗ ಕೊಟ್ಟೀವ್ರಿ.”

ಹರಳೆಣ್ಣೆ! ಕೊಟ್ಟೂರಿನ ಎಣ್ಣೆಯ ಮೇಲೆ ಇನ್ನೊಂದು ಎಣ್ಣೆ. ಇಷ್ಟು ಪ್ರೀತಿಯಿಂದ ಒಬ್ಬ ಕೊಲೆಗಾರನನ್ನು ಸಾಕಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನ ಮುಂದೆಯೇ ಅವನ ಗ್ಯಾಂಗಿನ ಬೇರೆ ಕ್ಲಾಂಪುಗಳನ್ನು ತರಿಸಿ ದವಡೆ ಬಿಚ್ಚಿ ತೋರಿಸಿದೆ. ಎಲ್ಲದರಲ್ಲೂ ಕುಂಕುಮ, ಎಣ್ಣೆ, ಧೂಳು ಕಲಸಿ ಹಲ್ಲು ಮುಚ್ಚಿಹೋಗಿದ್ದವು. ಸೀಮೆಎಣ್ಣೆ ಸಿಗದೆ ಬೈಕಿನಿಂದ ಒಂದಿಷ್ಟು ಪೆಟ್ರೋಲ್ ತೆಗೆಸಿ, ಬೀಡಿ ಸೇದುವವರನ್ನು ದೂರ ಕಳಿಸಿ, ಬ್ರಷ್ಷಿನಿಂದ ತಿಕ್ಕಿಸಿದೆ. “ಪೂಜಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಕುಂಕುಮ ಬೆನ್ನಿಗೆ ಇಡ್ರಿ, ಬಾಯಾಗ ಬ್ಯಾಡ,” ಎಂದೆ. ಅವರು ಹೂಂ ಎಂದರು.

ಆ ರಾತ್ರಿ ಹಗರಿಬೊಮ್ಮನಹಳ್ಳಿಯ ಚಿಗವ್ವನ ಮನೆಯಲ್ಲಿ ಉಳಿದು, ಬೆಳಿಗ್ಗೆ ಮೊದಲ ಬಸ್ಸಿಗೆ ಹಡಗಲಿಗೆ ಹೋದೆ. ನಿಲ್ದಾಣದ ತುಂಬ ಮಲ್ಲಿಗೆ ಹೂವಿನವರು. ಮಾರು ಹೂವು ತಗೊಳ್ಳಿ ಎಂದು ಒಬ್ಬಾಕೆ ಬುಟ್ಟಿಯನ್ನು ಮೂಗಿನವರೆಗೆ ತಂದಳು. ಕೋಟ್ರೇಶನ ಮೇಲೆ ಹಾಕಿದ ಹಾರದ ವಾಸನೆ ಅದೇ. ನಾನು ಮುಖ ತಿರುಗಿಸಿ ನಡೆದೆ.

ಈರಪ್ಪ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದ. ಟ್ರ್ಯಾಕ್ಟರಿನ ಮೇಲಿಂದಲೇ ಮಾತಾಡಿದ.

“ನಮ್ಮಲ್ಲೂ ಒಮ್ಮಿ ಜಾರಿತ್ರಿ ಅದು. ಪುಣ್ಯಾಕ ಯಾರೂ ಎದುರಿಗೆ ಇರಲಿಲ್ಲ. ಆಮ್ಯಾಲ ಸೈಕಲ್ ಟ್ಯೂಬ್ ಕತ್ತರಿಸಿ ದವಡ್ಯಾಗ ಇಟ್ವಿ. ತಂತಿಗೂ ಗೀರು ಬೀಳಂಗಿಲ್ಲ, ಬಿಗೀನೂ ಆಕ್ಕೈತಿ.”

“ಮತ್ತ ಈಗ?”

“ಮೊನ್ನಿ ಹರಪನಹಳ್ಳಿ ಕಡ್ಯಾಗ ಕೊಟ್ನಿ. ನೀಲಗುಂದದ ದುರುಗಪ್ಪಗ. ಅವಂಗ ಕ್ಲಾಂಪ್ ಇರಲಿಲ್ಲ. ಇವತ್ತ ತಂತಿ ಬಿಗಿತಾನಂತ.”

“ನಿನ್ನ ಬುದ್ಧಿಗೆ ಬೆಂಕಿ ಬೀಳಲಿ!” ಎಂದು ಕೂಗಿದೆ. “ಜಾರಿದ್ದು ನೋಡೀಯಲ್ಲೋ, ಆದ್ರೂ ಕೊಟ್ಟೀಯಲ್ಲ? ಫೋನ್ ಹಚ್ಚು ಮೊದಲು!”

ಅವನು ಇಳಿದು ಬಂದು ಫೋನ್ ಹಚ್ಚಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮತ್ತೆ ಹಚ್ಚಿದ. “ಕಂಬದ ಮ್ಯಾಲ ಇರಬೇಕ್ರಿ,” ಎಂದ. ನಾನು ನಂಬರ್ ಬರೆದುಕೊಂಡು ನಿಲ್ದಾಣದ ಕಡೆ ಓಡಿದೆ.

ಹಡಗಲಿಯಿಂದ ಹರಪನಹಳ್ಳಿಯ ದಾರಿ ನನಗೆ ಯಾವತ್ತೂ ಅಷ್ಟು ಉದ್ದ ಅನ್ನಿಸಿರಲಿಲ್ಲ. ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಹರವಿ ಒಣಗಲು ಬಿಟ್ಟಿದ್ದರು. ಡ್ರೈವರ್ ಕಾಳಿನ ಅಂಚಿನಲ್ಲಿ ನಿಧಾನಕ್ಕೆ ಬಸ್ ಸರಿಸುತ್ತಿದ್ದ. ನಾನು ದುರುಗಪ್ಪನ ನಂಬರಿಗೆ ಹಚ್ಚುತ್ತಲೇ ಇದ್ದೆ. ಪಕ್ಕದ ಹೆಂಗಸು ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದಳು. ಹೌದು ಎಂದೆ.

ಹರಪನಹಳ್ಳಿಯಲ್ಲಿ ಇಳಿದು ಸಿಕ್ಕ ಆಟೋ ಹತ್ತಿ ನೀಲಗುಂದಕ್ಕೆ ಹೋದೆ. ಊರಿಗೆ ಮುಂಚೆಯೇ ಹೊಲದಲ್ಲಿ ಕಂಬಗಳ ಸಾಲು ಕಾಣಿಸಿತು. ಬದುವಿನ ಮೇಲೆ ಚೀಲ ಹೊತ್ತು ಏದುಸಿರು ಬಿಡುತ್ತ ನಡೆದೆ. ತಂತಿ ಕಂಬದ ತುದಿಯ ಗಾಲಿಯ ಮೇಲಿಂದ ಇಳಿದು ಕೆಳಗೆ ಬಂದಿತ್ತು. ಕೆಳಗೆ ಎದೆಯ ಎತ್ತರಕ್ಕೆ ಕ್ಲಾಂಪ್, ಅದರ ಹಿಂದೆ ಇನ್ನೊಂದು ಕಂಬದ ಬುಡಕ್ಕೆ ಕಟ್ಟಿದ ಚೈನ್ ಪುಲ್ಲಿ. ಕ್ಲಾಂಪಿನ ಬಳೆಗೆ ತಾಮ್ರದ ಎಳೆ ಸುತ್ತಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ತಂತಿ ಬಿಗಿದು ನಿಂತಿತ್ತು. ಕಂಬದ ಮೇಲೆ ಒಬ್ಬ. ಪುಲ್ಲಿಯ ಸರಪಳಿ ಹಿಡಿದು, ತಂತಿಯ ನೇರಕ್ಕೆ, ಕೋಟ್ರೇಶ ನಿಂತ ಹಾಗೆಯೇ ನಿಂತಿದ್ದವನು ದುರುಗಪ್ಪ.

ಕೂಗಿದರೆ ಗಾಬರಿಯಾಗಿ ಸರಪಳಿ ಜಗ್ಗಿಯಾನು ಎಂದು ಕೂಗಲಿಲ್ಲ. ಹತ್ತಿರ ಹೋಗಿ, ಒಂದು ಪಕ್ಕಕ್ಕೆ ನಿಂತು ಹೇಳಿದೆ: “ತಮ್ಮಾ, ಸರಪಳಿ ಹಂಗ ಬಿಡು. ಜಗ್ಗಬ್ಯಾಡ, ಸಡಲ ಮಾಡಬ್ಯಾಡ. ಬಲಕ್ಕ ಸರದು ನನ್ನ ಕಡಿ ಬಾ.”

“ಯಾರಮ್ಮ ನೀವು?”

“ನಿನ್ನ ಮುಂದಿರೋ ಕ್ಲಾಂಪಿಗೆ ಸತ್ತಾವನ ಅಕ್ಕ.”

ಅವನು ಬಂದ. ಮೇಲಿದ್ದವನನ್ನೂ ಇಳಿಸಿದೆ. ಇನ್ನೂ ಕರೆಂಟ್ ಬಿಡದ ಹೊಸ ಲೈನಾದರೂ ಪಕ್ಕದಲ್ಲೇ ಗಾಳಿಯಂತ್ರದ ದೊಡ್ಡ ಲೈನ್ ಹಾದುಹೋಗಿತ್ತು, ಅದರಿಂದ ಈ ತಂತಿಗೂ ಕರೆಂಟ್ ಹತ್ತಬಹುದು. ತಂತಿಗೆ ಅರ್ಥಿಂಗ್ ಕೊಟ್ಟಿದ್ದೀರಾ ಎಂದು ಕೇಳಿದೆ. ಕೊಟ್ಟಿದ್ದರು, ಅಷ್ಟು ಪುಣ್ಯ. ಆಮೇಲೆ ನನ್ನ ಹೊಸ ಕ್ಲಾಂಪನ್ನು ದುರುಗಪ್ಪನ ಕೈಗೆ ಕೊಟ್ಟೆ. ಅವನು ಪಕ್ಕದಲ್ಲೇ ನಿಂತು, ಹಳೆಯದರ ಮುಂದೆ ತಂತಿಯನ್ನು ಒರೆಸಿ ಹೊಸದನ್ನು ಹಾಕಿದ. ನನ್ನ ಪುಲ್ಲಿಯನ್ನು ಅದೇ ಕಂಬದ ಬುಡಕ್ಕೆ ಕಟ್ಟಿ, ಉದ್ದ ಸರಪಳಿಯನ್ನು ಓರೆಯಿಂದ ಹಿಡಿದು ಒಂದೊಂದೇ ಕೊಂಡಿ ಎಳೆದ. ಭಾರ ನಿಧಾನವಾಗಿ ಹೊಸದರ ಮೇಲೆ ಬಂತು. ಎರಡರ ನಡುವೆ ತಂತಿ ಸಡಿಲಾಯಿತು.

ಹಳೆಯದನ್ನು ಬಿಚ್ಚುವ ಕೆಲಸವೇ ಬರಲಿಲ್ಲ. ಅದು ತಾನಾಗಿ ಬಾಯಿ ತೆರೆದು ಮಣ್ಣಿಗೆ ಬಿತ್ತು. ಅದು ಕಚ್ಚಿದ್ದ ಜಾಗದಲ್ಲಿ ತಂತಿಯ ಮೇಲೆ ಒಂದು ಗೇಣುದ್ದ ಕಪ್ಪು ಗೆರೆ ಮೂಡಿತ್ತು. ರಬ್ಬರ್ ಸವೆದ ಗೆರೆ. ಆಗಲೇ ಅಷ್ಟು ಜಾರಿತ್ತು. ದುರುಗಪ್ಪ ಆ ಗೆರೆಯ ಮೇಲೆ ಬೆರಳಿಟ್ಟು ನೋಡಿದ. ಅಲ್ಲೇ ಕೂತುಬಿಟ್ಟ.

“ಮನ್ಯಾಗೆ ಎರಡು ಸಣ್ಣ ಹುಡುಗ್ರು ಅದಾವಕ್ಕಾ,” ಎಂದ.

ಸ್ವಲ್ಪ ಹೊತ್ತಿಗೆ ಅವನ ಗ್ಯಾಂಗಿನವನೊಬ್ಬ ಊರಿನಿಂದ ನಿಂಬೆಹಣ್ಣು, ಅರಿಸಿನ, ಕುಂಕುಮ, ಒಂದು ಬಟ್ಟಲು ಎಣ್ಣೆ ತಂದ. ಶಾಂತಿ ಮಾಡದೆ ಕ್ಲಾಂಪ್ ಕೊಡಬಾರದಂತೆ. ಬೇಡ ಎಂದು ಗದರಿಸಬೇಕೆಂದು ಬಾಯಿ ತೆರೆದೆ. ದುರುಗಪ್ಪನ ಸಣ್ಣ ಹುಡುಗರು ನೆನಪಾದರು. ಚೀಲ ಬಿಚ್ಚಿ ಹಿಡಿದೆ. ದುರುಗಪ್ಪ ಎಣ್ಣೆ, ಕುಂಕುಮ ಹಚ್ಚಿ, ಕೈಮುಗಿದು, ಹಳೆಯದನ್ನು ನನ್ನ ಚೀಲದಲ್ಲಿಟ್ಟ. ಹೊಸ ಕ್ಲಾಂಪ್, ಪುಲ್ಲಿ, ಬ್ರಷ್ ಅಲ್ಲೇ ಬಿಟ್ಟು ಬಂದೆ.

ಹರಪನಹಳ್ಳಿ ನಿಲ್ದಾಣದ ಹಿಂದಿನ ವೆಲ್ಡಿಂಗ್ ಅಂಗಡಿಯಲ್ಲಿ ಅದರ ಬಳೆ ಕತ್ತರಿಸಿ ಕೊಡು ಎಂದೆ. ಬಳೆ ಹೋದರೆ ಅದನ್ನು ಯಾರೂ ಯಾವ ಪುಲ್ಲಿಗೂ ಸಿಕ್ಕಿಸಲಾರರು. ವೆಲ್ಡರ್ ತಿರುಗಿಸಿ ನೋಡಿ, “ಚೆನ್ನಾಗೈತಲ್ಲಮ್ಮ, ಇನ್ನೂ ಕೆಲ್ಸಕ್ಕೆ ಬರ್ತೈತೆ, ಬೇಡಾದ್ರೆ ನನಗೆ ಕೊಡ್ರಿ,” ಎಂದ. “ಕತ್ತರಿಸಪ್ಪ,” ಎಂದೆ. ನನ್ನ ಮುಖ ನೋಡಿ ಗ್ಯಾಸ್ ಹೊತ್ತಿಸಿದ. ಬಳೆ ತುಂಡಾಗಿ ನೆಲಕ್ಕೆ ಬಿತ್ತು, ತಾಮ್ರದ ಎಳೆ ಕರಗಿಹೋಯಿತು.

ಕೊಟ್ಟೂರಿನ ಮೇಲೆ ಕೂಡ್ಲಿಗಿಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ನಾಗವೇಣಿ ಬಾಗಿಲಲ್ಲೇ ಇದ್ದಳು. ಚೀಲ ಬಿಚ್ಚಲು ಹೇಳಿದಳು. ಬಿಚ್ಚಿದೆ. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡಳು. ದವಡೆಯೊಳಗೆ ಬೆರಳಾಡಿಸಿದಳು. ಬೆರಳು ಕೆಂಪಗೆ, ಜಿಡ್ಡಾಗಿ ಹೊರಗೆ ಬಂತು.

“ಇಷ್ಟು ಎಣ್ಣಿ ಯಾರು ಹಚ್ಯಾರಕ್ಕಾ ಇದಕ್ಕ?”

“ಎಲ್ಲಾರೂ ಹಚ್ಯಾರವ್ವ,” ಎಂದೆ. “ಕೊಟ್ಟೂರಾಗ, ಕೋಗಳ್ಯಾಗ, ನೀಲಗುಂದದಾಗ.”

“ಮೊದಲು ಹಚ್ಚಿದಾವ ಯಾರು?”

ಒಳಗೆ ಕೋಟ್ರೇಶನ ಫೋಟೋದ ಮುಂದೆ ದೀಪ ಉರಿಯುತ್ತಿತ್ತು. ಗೊತ್ತಾಗಲಿಲ್ಲ ಎಂದು ಹೇಳಿ, ಕೈ ತೊಳೆಯಲು ಹಿತ್ತಿಲಿಗೆ ಹೋದೆ.