ಕನೆಕ್ಷನ್ ಅಕ್ಕ
ಆಸ್ಪತ್ರೆಯ ರೌಟರ್ ನೋಡಿಕೊಳ್ಳುವವಳಿಗೆ ಎಲ್ಲರೂ ಇಟ್ಟ ಹೆಸರು ಕನೆಕ್ಷನ್ ಅಕ್ಕ. ಯಾವ ಕಂಪ್ಯೂಟರು, ಯಾವ ಫೋನು ಹೊರಗೆ ಯಾರೊಡನೆ ಮಾತಿಗಿಳಿದಿದೆ ಎಂದು ರೌಟರಿನ ಕಾವಲುಗಾರನಂತಿರುವ ಫೈರ್‌ವಾಲ್ ಬರೆದಿಡುವ ಪಟ್ಟಿಯನ್ನು ಅವಳು ಬೆಳಿಗ್ಗೆ ಬ್ಯಾಗು ಕೆಳಗಿಡುವ ಮೊದಲೇ ತೆರೆಯುತ್ತಾಳೆ. ಕೆಲಸ ಮುಗಿದರೂ ಜಾಗ ಬಿಡದ ಸಂಪರ್ಕ ಕಂಡರೆ, "ಮಾತು ಮುಗೀತಲ್ಲಪ್ಪ, ಇನ್ನೂ ಯಾಕೆ ಹೊಸ್ತಿಲ ಮೇಲೆ ನಿಂತಿದ್ದೀಯ? ಹೊರಡು" ಎಂದು ಪರದೆಗೇ ಗದರಿ ಅಳಿಸುತ್ತಾಳೆ. ಮನೆಯಲ್ಲೂ ಅದೇ ಚಾಳಿ. ಫೋನಿನಲ್ಲಿ ಬರೀ ಹೂಂಗುಟ್ಟುವ ಗಂಡನಿಗೆ, "ಮೂರು ಹೂಂ ಆಯ್ತು, ಇನ್ನು ಇಡಿ" ಎನ್ನುತ್ತಾಳೆ. ಮೊನ್ನೆ ಮಧ್ಯಾಹ್ನ ಪಟ್ಟಿ ತುಂಬಿ ತುಳುಕಿ, ಹೊಸ ಸಂಪರ್ಕ ಒಂದಕ್ಕೂ ಜಾಗವಿಲ್ಲದಾಯಿತು. "ಎಲ್ಲಾ ಒಂದೇ ಸಲ ಅಳಿಸಿಬಿಡಮ್ಮ!" ಎಂದು ಮ್ಯಾನೇಜರು ಕುಣಿದಾಡಿದರು. "ಸ್ವಲ್ಪ ತಡ್ಕೊಳ್ಳಿ ಸರ್" ಎಂದವಳು, ಸತ್ತ ಸಂಪರ್ಕಗಳನ್ನಷ್ಟೇ ಒಂದೊಂದಾಗಿ ಹೆಕ್ಕಿ ತೆಗೆದಳು. ಎಲ್ಲ ಸರಿಹೋದ ಮೇಲೆ ಮ್ಯಾನೇಜರನ್ನು ವಾರ್ಡಿನ ಗಾಜಿನ ಬಾಗಿಲಿಗೆ ಕರೆದೊಯ್ದಳು. ಒಳಗೆ ಕಿವಿ ಕೇಳದ, ಮಾತು ಬಾರದ ಅಜ್ಜ ಫೋನನ್ನು ದಿಂಬಿಗೊರಗಿಸಿಕೊಂಡು, ಮನೆಯಲ್ಲಿದ್ದ ಅಜ್ಜಿಯೊಡನೆ ವಿಡಿಯೋ ಕಾಲ್‌ನಲ್ಲಿ ಎರಡೂ ಕೈಯಾಡಿಸಿ ಜೋರು ಜಗಳವಾಡುತ್ತಿದ್ದ. "ಬೆಳಿಗ್ಗೆ ನಾನೇ ವೈಫೈ ಹಾಕ್ಕೊಟ್ಟಿದ್ದೆ ಸರ್. ನಾಳೆ ಅವರಿಗೆ ಆಪರೇಷನ್ನು. ಎಲ್ಲಾ ಅಳಿಸಿ ಇವರ ಮಾತೂ ಮಧ್ಯದಲ್ಲಿ ಕಡಿದಿದ್ರೆ, ಮುನಿಸ್ಕೊಂಡು ಫೋನ್ ಇಟ್ಟುಬಿಟ್ರು ಅಂತ ಅಜ್ಜಿ ಅಂದ್ಕೊಳ್ತಿರ್ಲಿಲ್ವಾ?" ಅಜ್ಜನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದರೂ, ಮ್ಯಾನೇಜರು ತುದಿಗಾಲಿನಲ್ಲೇ ಹಿಂದಿರುಗಿದರು.